ಮೈನಸ್ 2.3ರಿಂದ ಮೈನಸ್ 2.0ಕ್ಕೆ: ನನ್ನ ಮೂಳೆಯ ಲೆಕ್ಕ

ಹೋದ ವಾರ ಡೆಕ್ಸಾ, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನಿನ ರಿಪೋರ್ಟ್ ಕೈಗೆ ಬಂತು. ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕ, ಮೈನಸ್ ಹೆಚ್ಚಾದಷ್ಟೂ ಮೂಳೆ ಸವೆದಿದೆ ಅಂತ) ಮೈನಸ್ 2.0. ಎರಡು ವರ್ಷದ ಹಿಂದೆ ಅದು ಮೈನಸ್ 2.3 ಇತ್ತು. ಸೊಂಟದ್ದು ಮೈನಸ್ 1.8ರಲ್ಲೇ ಇದೆ, ಏರಿಲ್ಲ, ಇಳಿದೂ ಇಲ್ಲ. ಮುಟ್ಟು ನಿಂತು ಐದಾರು ವರ್ಷ ಆದವಳಿಗೆ ಇಳಿಯದೆ ನಿಂತರೂ ಗೆಲುವೇ. ಮೂಳೆಗಾಗಿ ಜಿಮ್ಮಿನಲ್ಲಿ ಭಾರ ಎತ್ತೋಕೆ ಶುರು ಮಾಡಿದಾಗ "ಈ ವಯಸ್ಸಲ್ಲಿ ಭಾರ ಎತ್ತಿ ಬೆನ್ನು ಮುರ್ಕೊಳ್ತೀಯ ನೋಡು" ಅಂತ ಅಕ್ಕ ಹೇಳಿದ್ದಳು. ಆಫೀಸಿನಲ್ಲೂ ಅದೇ ಮಾತು. ಆ ರಿಪೋರ್ಟನ್ನು ಅಕ್ಕನಿಗೆ ಆವತ್ತೇ ಕಳಿಸಿದೆ.

ಮೊದಲು ಸೋತಿದ್ದನ್ನು ಹೇಳ್ತೀನಿ. ಅದಕ್ಕೂ ಎರಡು ವರ್ಷ ಹಿಂದೆ, ಮೊದಲ ಸ್ಕ್ಯಾನ್‌ನಲ್ಲಿ ನನ್ನ ಸ್ಕೋರ್ ಮೈನಸ್ 2.0 ಇತ್ತು. ಆಗ ನಡಿಗೆ ಹಿಡಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ, ವಾರಕ್ಕೆರಡು ದಿನ ಈಜು. ತೂಕ ನಾಲ್ಕೈದು ಕೆಜಿ ಇಳಿಯಿತು, ನೋಡಿದವರೆಲ್ಲ ಹೊಗಳಿದರು. ಮೂಳೆ ಮಾತ್ರ ಮೈನಸ್ 2.3ಕ್ಕೆ ಇಳಿದಿತ್ತು. ನಡಿಗೆ ಹೃದಯಕ್ಕೆ ಒಳ್ಳೆಯದು, ನಾನು ಈಗಲೂ ಬಿಟ್ಟಿಲ್ಲ. ಆದರೆ ದಿನಾ ಅದೇ ಹೊರೆ ಬಿದ್ದರೆ ಮೂಳೆ ಅದಕ್ಕೆ ಒಗ್ಗಿಹೋಗಿರುತ್ತದೆ, ಹೊಸದಾಗಿ ಕಟ್ಟಿಕೊಳ್ಳುವುದಿಲ್ಲ. ಈಜುವಾಗಂತೂ ನೀರೇ ಮೈಯನ್ನು ಹೊರುತ್ತದೆ. ತೂಕ ಇಳಿದಾಗ ಮೂಳೆಯೂ ಸ್ವಲ್ಪ ಹೋಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಇನ್ನು ದುಡ್ಡಿನ ವಿಷಯ. ಆ ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಹಾಳು ಮಾಡಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದು ನಡುಗುವ ಹಲಗೆಗೇ ಹೋಯಿತು. ಅದರ ಮೇಲೆ ಹತ್ತು ನಿಮಿಷ ಸುಮ್ನೆ ನಿಂತರೆ ಸಾಕು, ಮೂಳೆ ಗಟ್ಟಿಯಾಗುತ್ತೆ ಅಂತ ಮಾರಿದವರು ಹೇಳಿದ್ದರು. ಎಂಟು ತಿಂಗಳು ನಿಂತೆ. ಕೊನೆಗೆ ಕಾಲು ಭಾಗದ ಬೆಲೆಗೆ ಮಾರಿದೆ.

ಉಳಿದಿದ್ದು ಮಾತ್ರೆಗಳಿಗೆ ಹೋಯಿತು. ಇಲ್ಲಿ ತಪ್ಪು ನನ್ನದೇ. ಕ್ಯಾಲ್ಸಿಯಂ ಕಾರ್ಬೊನೇಟ್ ಎರಡು ಮಾತ್ರೆ ಒಟ್ಟಿಗೆ, ಅದೂ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದೆ. ಅದಕ್ಕೆ ಮುಂಚೆ ಆ್ಯಸಿಡಿಟಿ ಮಾತ್ರೆ ಬೇರೆ. ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಮ್ಲವೇ ಬೇಕು, ನಾನು ಆ ಆಮ್ಲವನ್ನೇ ತಗ್ಗಿಸಿ ಕೂತಿದ್ದೆ! ಒಂದು ಸಲಕ್ಕೆ 500 ಮಿಲಿಗ್ರಾಂ ದಾಟಿದರೆ ದೇಹ ಹೀರಿಕೊಳ್ಳುವ ಪಾಲೂ ಕಡಿಮೆಯಾಗುತ್ತದೆ. ಈಗ ಹಾಲು, ಮೊಸರು, ಸೊಪ್ಪಿನಿಂದಲೇ ಮುಕ್ಕಾಲು ಭಾಗ ಬರುವ ಹಾಗೆ ನೋಡಿಕೊಂಡಿದ್ದೇನೆ. ಪಾಲಕ್ ಸೊಪ್ಪನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬಿಟ್ಟುಕೊಡುವುದಿಲ್ಲ. ಕಮ್ಮಿ ಬಿದ್ದ ದಿನ ಮಾತ್ರ ಕ್ಯಾಲ್ಸಿಯಂ ಸಿಟ್ರೇಟ್ ಒಂದು ಮಾತ್ರೆ.

ಬಿಸಿಲಿನದ್ದೂ ಇಂಥದ್ದೇ ಕಥೆ. ಬೆಳಗ್ಗೆ ಕಿಟಕಿ ಪಕ್ಕ ಕೂತು ಬಿಸಿಲು ಕಾಯಿಸಿಕೊಂಡೇ ಕೆಲಸ ಮಾಡುತ್ತಿದ್ದೆ. ಮೂರು ತಿಂಗಳಾದರೂ ರಕ್ತದಲ್ಲಿ ವಿಟಮಿನ್ ಡಿ ಹದಿನಾಲ್ಕರ ಆಸುಪಾಸಲ್ಲೇ, ಅಂದರೆ ಕೊರತೆಯಲ್ಲೇ ಇತ್ತು. ಚರ್ಮದಲ್ಲಿ ವಿಟಮಿನ್ ಡಿ ಆಗೋಕೆ ಬೇಕಾದ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಈಗ ಹೊರಗೆ ಹೋಗುತ್ತೇನೆ, ನನ್ನ ನೆರಳು ನನಗಿಂತ ಗಿಡ್ಡ ಇರುವ ಹೊತ್ತಿಗೆ. ಡಾಕ್ಟರು ಬರೆದ ಡೋಸ್ ಕೂಡ ನಡೆದಿದೆ, ಊಟದ ಜೊತೆಗೇ ತಗೊಳ್ತೀನಿ.

ಫಲ ಕೊಟ್ಟಿದ್ದು ಭಾರ ಎತ್ತಿದ್ದು. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಂತ ಒಂದು ಪ್ರಯೋಗ ಇದೆ, 2018ರಲ್ಲಿ ಪ್ರಕಟವಾದದ್ದು. ಮುಟ್ಟು ನಿಂತ, ಮೂಳೆ ಸವೆದ ನೂರೊಂದು ಹೆಂಗಸರು. ವಾರಕ್ಕೆರಡು ಸಲ ಅರ್ಧರ್ಧ ಗಂಟೆ, ಎಂಟು ತಿಂಗಳು. ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 2.9ರಷ್ಟು ಏರಿತ್ತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು 1.2ರಷ್ಟು ಇಳಿದಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಮೊದಲ ಮೂರು ತಿಂಗಳು ಬರೀ ಕೋಲು ಹಿಡಿದು ಬಗ್ಗುವುದನ್ನು ಕಲಿತೆ. ಬೆನ್ನು ಬಾಗಬಾರದು, ಸೊಂಟ ಹಿಂದಕ್ಕೆ ಹೋಗಬೇಕು. ಅವರು ಕೋಲನ್ನು ನನ್ನ ತಲೆಯ ಹಿಂಭಾಗ, ಬೆನ್ನು, ಪೃಷ್ಠ ಮೂರಕ್ಕೂ ತಾಗುವಂತೆ ಇಟ್ಟು, ಅದು ಒಂದು ಕಡೆ ಬಿಟ್ಟುಕೊಂಡರೂ "ಮತ್ತೊಮ್ಮೆ" ಅನ್ನುತ್ತಿದ್ದರು. ಅವರಿಗೆ ಕೊಟ್ಟ ಫೀಸು ಆ ಹಲಗೆಯ ಬೆಲೆಯ ಅರ್ಧವೂ ಆಗಲಿಲ್ಲ. ಆಮೇಲೆ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ಎತ್ತುವುದು). ಐದೈದು ಸಲದ ಐದು ಸೆಟ್. ಹದಿನೈದು ಕೆಜಿಯಿಂದ ಶುರು ಮಾಡಿದ ಡೆಡ್‌ಲಿಫ್ಟ್ ಈಗ ಐವತ್ತೈದರಲ್ಲಿದೆ. ನನ್ನ ತೂಕ ಐವತ್ತೆಂಟು. ನಮ್ಮ ಜಿಮ್ಮಿನಲ್ಲಿ ಐವತ್ತು ದಾಟಿದವರಲ್ಲಿ ಇಷ್ಟು ಎತ್ತುವವಳು ನಾನೊಬ್ಬಳೇ. ಎತ್ತುವ ಭಾರ ಏರಿಸುವಾಗ ನಾನು ಅನುಸರಿಸಿದ ಕ್ರಮ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಎತ್ತುವವರಿಗೆ ಮಾತ್ರ ನಿಂತು ತೋರಿಸುತ್ತೇನೆ. ಬೆನ್ನುಮೂಳೆ ಈಗಾಗಲೇ ಕುಸಿದವರು ಇದನ್ನು ನೋಡಿ ಎತ್ತೋಕೆ ಹೋಗಬೇಡಿ, ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮುಂದಕ್ಕೆ ಬಾಗುವ ಸಿಟ್‌ಅಪ್ ಅಂತೂ ನಾನು ಪೂರ್ತಿ ಬಿಟ್ಟೆ.

ಎತ್ತದ ದಿನ ಜಿಗಿತ. ನಿಂತಲ್ಲೇ, ಬರಿಗಾಲಲ್ಲಿ, ಹತ್ತತ್ತರ ನಾಲ್ಕು ಸುತ್ತು. ಮೊದಲು ಒಂದೇ ಉಸಿರಿಗೆ ನೂರು ಜಿಗಿದು ಮೊಣಕಾಲು ಊದಿಸಿಕೊಂಡು ಹದಿನೈದು ದಿನ ಮನೆಯಲ್ಲಿ ಕೂತಿದ್ದೆ. ಸತತ ಏಟಿಗೆ ಮೂಳೆಯ ಸ್ಪಂದನೆ ಬೇಗ ಮಂಕಾಗುತ್ತೆ, ನಡುವೆ ಬಿಡುವು ಕೊಟ್ಟರೆ ಮತ್ತೆ ಚುರುಕಾಗುತ್ತೆ. ಈಗ ಎರಡು ಸುತ್ತು ಬೆಳಗ್ಗೆ, ಎರಡು ಸಂಜೆ.

ಬೆನ್ನುಮೂಳೆ ಕುಸಿದರೆ ಎತ್ತರ ಕಮ್ಮಿಯಾಗುತ್ತೆ ಅಂತ ಈ ಮಧ್ಯೆ ಇನ್ನೊಂದು ಪ್ರಯೋಗಕ್ಕೆ ಇಳಿದೆ. ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ, ತಲೆ ಮೇಲೆ ಪುಸ್ತಕ ಇಟ್ಟು, ಪೆನ್ಸಿಲ್ ಗೆರೆ ಎಳೆಯುವುದು. ಸಂಜೆ ಗೆರೆ ಬೆಳಗಿನದ್ದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಕೆಳಗೆ ಬಂದಾಗ ಎದೆ ಧಸಕ್ಕೆಂದಿತು. ಅದು ಮೂಳೆಯಲ್ಲ, ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ದಿನವಿಡೀ ಒತ್ತಿಕೊಂಡು ರಾತ್ರಿ ಮತ್ತೆ ಉಬ್ಬುವುದು. ಈಗ ತಿಂಗಳಿಗೊಮ್ಮೆ, ಎದ್ದ ಕೂಡಲೇ ಮಾತ್ರ ಅಳೆಯುತ್ತೇನೆ. ಎರಡು ವರ್ಷದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟಿಯಾಗಿದೆ. ಮನೆಗೆ ಬಣ್ಣ ಹೊಡೆಸಿದಾಗಲೂ ಅಲ್ಲಿ ಮುಟ್ಟಬೇಡಿ ಅಂದಿದ್ದೆ.

ಡೆಕ್ಸಾ ಪ್ರತಿ ಸಲವೂ ಒಂದೇ ಮೆಷಿನ್ನಿನಲ್ಲಿ ಮಾಡಿಸಿ. ನಾನು ಮಧ್ಯದಲ್ಲಿ ಒಮ್ಮೆ ಬೇರೆ ಕಡೆ ಮಾಡಿಸಿ ಮೈನಸ್ 1.6 ಅಂತ ಬಂದಾಗ ಸಿಹಿ ಹಂಚಿದ್ದೆ. ಹಳೆಯ ಮೆಷಿನ್ನಿನಲ್ಲಿ ಅದೇ ತಿಂಗಳು ಮೈನಸ್ 2.2. ಆ ದುಡ್ಡೂ ದಂಡ.

ಸೊಂಟ ಯಾಕೆ ಏರಲಿಲ್ಲ ಅಂತ ಈಗ ತಲೆ ಕೆಡಿಸಿಕೊಂಡಿದ್ದೇನೆ. ನೇರ ಜಿಗಿತದ ಹೊರೆ ಅಲ್ಲಿಗೆ ಒಂದೇ ದಿಕ್ಕಿನಲ್ಲಿ ಬೀಳುತ್ತಿದೆ ಅಂತ ನನ್ನ ಅನುಮಾನ. ಹೋದ ತಿಂಗಳಿಂದ ಪಕ್ಕಕ್ಕೆ ಜಿಗಿಯೋಕೆ ಶುರು ಮಾಡಿದ್ದೇನೆ, ಎಡಕ್ಕೆ ಹತ್ತು, ಬಲಕ್ಕೆ ಹತ್ತು.