ಗಾಡಿ ಆಯಿಲ್ ಕುಡಿಯುತ್ತಿದ್ದರೆ ಎಂಜಿನ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

"ಎಂಜಿನ್ ಆಯಿಲ್ ಕುಡಿಯಾಕತ್ತೈತಿ, ಬೋರ್ ಮಾಡಸಬೇಕ್ರಿ" (ಬೋರ್ ಎಂದರೆ ಸವೆದ ಸಿಲಿಂಡರನ್ನು ಕೊರೆದು ಸರಿಮಾಡುವುದು) ಎಂಬ ಮಾತು ಗ್ಯಾರೇಜಿನಲ್ಲಿ ಬಲು ಬೇಗ ಬಂದುಬಿಡುತ್ತದೆ. ಹೂಂ ಅನ್ನುವ ಮೊದಲು ಆಯಿಲ್ ಎಷ್ಟು ಹೋಗುತ್ತಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಗೊತ್ತು ಮಾಡಿಕೊಳ್ಳಿ.

ಸಮತಟ್ಟಾದ ಜಾಗದಲ್ಲಿ ಎಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆಗೆ ಆಯಿಲ್ ತುಂಬಿ ಕಿಲೋಮೀಟರ್ ಬರೆದಿಡಿ. 1,000 ಕಿ.ಮೀ. ಓಡಿದ ಮೇಲೆ (ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬಂದರೇ 800 ದಾಟುತ್ತದೆ) ಅದೇ ಜಾಗದಲ್ಲಿ ಅಳತೆಯ ಮಗ್‌ನಿಂದ ಹಾಕುತ್ತ, ಅದೇ ಗೆರೆಗೆ ಎಷ್ಟು ಹಿಡಿಯಿತು ನೋಡಿ. 100–200 ಮಿ.ಲೀ. ಆದರೆ ಚಿಂತೆ ಬೇಡ. ಅರ್ಧ ಲೀಟರ್ ದಾಟಿದರೆ ಹುಡುಕಬೇಕು.

ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಡಿ. ಹನಿ ಬಿದ್ದಿದ್ದರೆ ಅದು ಸೋರಿಕೆ. ಫಿಲ್ಟರ್ ಬುಡ, ಡ್ರೈನ್ ಬೋಲ್ಟ್, ಎಂಜಿನ್–ಗೇರ್‌ಬಾಕ್ಸ್ ಕೂಡುವಲ್ಲಿ ನೋಡಿ. ಎಂಜಿನ್ ಮೇಲ್ಭಾಗದ ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದ ಸೋರಿದ್ದು ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದು ಸುಡುತ್ತದೆ. ರಟ್ಟಿನ ಮೇಲೆ ಹನಿಯಿರದೆ ಬರೀ ವಾಸನೆ ಬರಬಹುದು.

ಸೋರಿಕೆ ಇಲ್ಲವೆಂದರೆ ಸೈಲೆನ್ಸರ್ ಹೊಗೆ ನೋಡಿ. ಆಯಿಲ್ ಸುಟ್ಟರೆ ಹೊಗೆ ನೀಲಿ. ಅದು ಯಾವಾಗ ಬರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬುಸ್ಸೆಂದು ಬಂದು ನಿಂತುಹೋದರೆ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಗುಂಟ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಗಟ್ಟಿಯಾಗಿವೆ. ಅಂಕೋಲಾ ರಸ್ತೆಯ ಅರಬೈಲ್ ಘಟ್ಟ ಒಳ್ಳೆಯ ಪರೀಕ್ಷೆ: ಪೆಟ್ರೋಲ್ ಗಾಡಿಯನ್ನು ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಸಿ. ಆಗ ಇಂಟೇಕ್ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಕಡೆ ಎಳೆತ ಜೋರಾಗಿ, ಸವೆದ ಸೀಲ್ ದಾಟಿ ಆಯಿಲ್ ಒಳಗಿಳಿಯುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಮೋಡ ಏಳುತ್ತದೆ. ಸೀಲ್ ಬದಲಿಸಲು ಹೆಡ್ ಇಳಿಸಲೇಬೇಕೆಂದಿಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದು ಬದಲಿಸಬಹುದು. ಏರು ಹತ್ತುವಾಗ, ಲೋಡ್ ಇದ್ದಾಗ ಬಿಡದೆ ಹೊಗೆ ಬಂದರೆ ಮಾತ್ರ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಮೇಲೆ ಅನುಮಾನ.

ಆಗಲೂ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆ, ಒತ್ತಡವನ್ನು ಇಂಟೇಕ್‌ಗೆ ಬಿಡುವ ಚಿಕ್ಕ ವಾಲ್ವ್) ಕಳಚಿ ಅಲ್ಲಾಡಿಸಿ. ಟಕ್ ಟಕ್ ಸದ್ದು ಬರದಿದ್ದರೆ ಕಟ್ಟಿಕೊಂಡಿದೆ. ಒಳಗಿನ ಒತ್ತಡ ಹೋಗಲು ದಾರಿಯಿಲ್ಲದೆ ಆಯಿಲ್ ಇಂಟೇಕ್‌ಗೆ ನುಗ್ಗುತ್ತದೆ. ಬದಲಿಸಲು ಅಗ್ಗ, ಆದರೂ ಹೆಚ್ಚಿನವರು ಮರೆಯುವುದು ಇದನ್ನೇ. ಟರ್ಬೊ ಡೀಸೆಲ್ ಆದರೆ ಟರ್ಬೊದಿಂದ ಬರುವ ಗಾಳಿ ತಣಿಸುವ ಇಂಟರ್‌ಕೂಲರಿನ ಪೈಪ್ ಬಿಚ್ಚಿ: ತೆಳು ಪಸೆ ಸಹಜ, ಆಯಿಲ್ ಮಡುಗಟ್ಟಿದ್ದರೆ ಟರ್ಬೊ ನೋಡಿಸಿ.

ಪೆಟ್ರೋಲ್ ಎಂಜಿನ್ನಿನ ಕಂಪ್ರೆಶನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಹೀಗೆ ನೋಡಬೇಕು. ಎಂಜಿನ್ ಬಿಸಿಯಿರಲಿ. ಇಂಧನ, ಇಗ್ನಿಶನ್ ಎರಡೂ ಬಂದ್ ಮಾಡಿ ಎಲ್ಲ ಪ್ಲಗ್ ತೆಗೆಯಿರಿ. ಆಯಿಲ್ ಇಳಿಯುವ ಸಿಲಿಂಡರಿನ ಪ್ಲಗ್ ಒದ್ದೆಯಾಗಿ ಕಪ್ಪಾಗಿರುತ್ತದೆ. ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಸಾಮಾನ್ಯವಾಗಿ 150–180 ಪಿಎಸ್‌ಐ ಬರಬೇಕು. ಯಾವುದಾದರೂ ಸಿಲಿಂಡರ್ ಉಳಿದವಕ್ಕಿಂತ ಶೇ. 15ರಷ್ಟು ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ದೋಷ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್‌ನಲ್ಲಿ. ಕಂಪ್ರೆಶನ್ ಚೆನ್ನಾಗಿದ್ದೂ ಆಯಿಲ್ ಹೋಗುತ್ತಿದ್ದರೆ, ವಾಲ್ವ್ ಸೀಲ್ ಸರಿಯಿದ್ದಲ್ಲಿ, ಕೆಳಗಿನ ಆಯಿಲ್ ರಿಂಗ್ ಇಂಗಾಲದಿಂದ ಅಂಟಿಕೊಂಡಿರಬಹುದು. ಅದನ್ನು ಈ ಗೇಜ್ ತೋರಿಸುವುದಿಲ್ಲ.

ರಿಂಗ್ ಸವೆದಿದ್ದರೆ ಏಕೆ ಸವೆಯಿತು ಎಂದೂ ನೋಡಿ. ಗದಗ, ರೋಣ, ನವಲಗುಂದದ ಎರೆ ಹೊಲದ ದಾರಿಗಳಲ್ಲಿ ಓಡುವ ಗಾಡಿಗಳ ಏರ್ ಫಿಲ್ಟರ್ ಡಬ್ಬಿ ತೆಗೆದು, ಫಿಲ್ಟರ್ ಆಚೆಗಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆಗೆ ಧೂಳು ಹತ್ತಿದರೆ ಕ್ಲಿಪ್ ಸಡಿಲವಿದೆ ಅಥವಾ ಫಿಲ್ಟರ್ ಸರಿಯಾಗಿ ಕೂತಿಲ್ಲ. ಆ ಧೂಳು ಹೊಸ ರಿಂಗನ್ನೂ ತಿನ್ನುತ್ತದೆ.

5ಡಬ್ಲ್ಯು-30 ದರ್ಜೆಯ ತೆಳು ಆಯಿಲ್ ಇರುವಲ್ಲಿ 20ಡಬ್ಲ್ಯು-50 ದರ್ಜೆಯ ದಪ್ಪ ಆಯಿಲ್ ಹಾಕಿದರೆ ಹೊಗೆ ಕೆಲವು ದಿನ ತಗ್ಗೀತು, ದೋಷ ಅಲ್ಲೇ ಇರುತ್ತದೆ. ದುರಸ್ತಿ ಆಗುವವರೆಗೆ 500 ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಕೆಳಗಿನ ಗೆರೆಗಿಂತ ಇಳಿದು ಪ್ರೆಶರ್ ಲೈಟ್ ಹತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಬಂದ್ ಮಾಡಿ; ಹಾಗೇ ಓಡಿಸಿದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ.