ಮೊದಲ ವರ್ಷ ಅನಂತಪುರ ಸಾಕು: ಮರಿ ಪಾರಿವಾಳಗಳನ್ನು ದೂರದ ಪಂದ್ಯಕ್ಕೆ ಅಣಿಗೊಳಿಸುವುದು ಹೇಗೆ?

ಬೆಂಗಳೂರಿನ ತಾರಸಿಗಳ ಮೇಲೆ ಹೋಮರ್ ಪಾರಿವಾಳ, ಅಂದರೆ ಎಷ್ಟು ದೂರ ಒಯ್ದು ಬಿಟ್ಟರೂ ಗೂಡಿಗೆ ಮರಳುವ ಪಂದ್ಯದ ಹಕ್ಕಿ, ಸಾಕುವವರಿಗೆ ಪಂದ್ಯಕ್ಕೆ ಹಕ್ಕಿ ಬಿಡುವ ಉತ್ತರದ ಹೆದ್ದಾರಿಯ ಊರುಗಳೆಲ್ಲ ಬಾಯಿಪಾಠ. ಹಕ್ಕಿ ಹಾರುವ ನೇರ ಗೆರೆಯಲ್ಲಿ ಅಳೆದರೆ ಅನಂತಪುರ ಸುಮಾರು 190 ಕಿ.ಮೀ., ಕರ್ನೂಲು 320, ಹೈದರಾಬಾದ್ 500, ನಾಗಪುರ 920. ಹೊಸದಾಗಿ ಗೂಡು ಕಟ್ಟಿದವರ ಕಣ್ಣು ಕೊನೆಯ ಎರಡು ಊರುಗಳ ಮೇಲೆಯೇ ಇರುತ್ತದೆ. ಆ ಆಸೆ ತಪ್ಪಲ್ಲ, ಅವಸರ ತಪ್ಪು. ಆರು ತಿಂಗಳ ಮರಿಗೆ ಹಾರುವ ಬಲ ಇದ್ದೀತು; ದಾರಿ ತಪ್ಪಿದಾಗ ಗಾಬರಿಯಾಗದೆ ಮತ್ತೆ ಹುಡುಕುವ ಅನುಭವ ಇರುವುದಿಲ್ಲ. ಮೊದಲ ವರ್ಷವಿಡೀ ನಾವು ಕಲಿಸಬೇಕಾದದ್ದು ಆ ಮರಳುವ ಅಭ್ಯಾಸವನ್ನೇ.

ಗೂಡಿನಿಂದಲೇ ಶುರು

ಮೊಟ್ಟೆ ಇಟ್ಟು ಕಾವು ಕೂತ ಮೇಲೆ 17–18 ದಿನಕ್ಕೆ ಮರಿ ಹೊರಬರುತ್ತದೆ. ಏಳೆಂಟನೆಯ ದಿನ ಕಾಲಿಗೆ ವರ್ಷ ಮತ್ತು ಸಂಖ್ಯೆ ಇರುವ ಉಂಗುರ ತೊಡಿಸಿ. ಎರಡು ದಿನ ತಡವಾದರೂ ಪಾದ ದಪ್ಪಗಾಗಿ ಉಂಗುರ ಹತ್ತುವುದಿಲ್ಲ. ಇಪ್ಪತ್ತೈದರಿಂದ ಮೂವತ್ತು ದಿನದೊಳಗೆ, ತಾನೇ ಕಾಳು ಹೆಕ್ಕಲು ಕಲಿತ ಮರಿಯನ್ನು ತಾಯಿತಂದೆಯಿಂದ ಬೇರ್ಪಡಿಸಿ ಮರಿಗಳ ಗೂಡಿಗೆ ಬಿಡಬೇಕು.

ಇಲ್ಲಿಂದ ಮುಂದೆ ಪ್ರತಿ ಸಲ ಕಾಳು ಹಾಕುವಾಗ ಒಂದೇ ಸದ್ದು ಮಾಡಿ. ನಾನು ಹಳೆಯ ಹಾಲಿನ ಪುಡಿಯ ಡಬ್ಬಿಯಲ್ಲಿ ಒಂದು ಹಿಡಿ ಜೋಳ ಹಾಕಿ ಅಲ್ಲಾಡಿಸುತ್ತೇನೆ. ಹತ್ತು ದಿನದಲ್ಲಿ ಆ ಸದ್ದಿಗೆ ಮರಿಗಳು ಕಾಲ ಬಳಿ ಬಂದು ಮುತ್ತಿಕೊಳ್ಳುತ್ತವೆ. ಮುಂದೆ ಪಂದ್ಯದ ದಿನ ಹಕ್ಕಿಯನ್ನು ತಾರಸಿಯ ಕಟ್ಟೆಯಿಂದ ಒಳಗೆ ಕರೆಯುವುದು ಇದೇ ಡಬ್ಬಿ.

ಹೊರಗೆ ಬಿಡುವ ಮುನ್ನ ಒಂದು ವಾರ ತಂತಿಬಲೆಯ ಪಂಜರದಲ್ಲಿ ತಾರಸಿಯ ಮೇಲೆ ಕೂರಿಸಿ. ಅಕ್ಕಪಕ್ಕದ ನೀರಿನ ಟ್ಯಾಂಕು, ತೆಂಗಿನ ಮರ, ಸೂರ್ಯ ಏಳುವ ದಿಕ್ಕು ಎಲ್ಲವನ್ನೂ ಅವು ನೋಡಿಕೊಳ್ಳಲಿ. ಮೊದಲ ಸಲ ಬಿಡುವುದು ಸಂಜೆ, ಹೊಟ್ಟೆ ಹಸಿದಿರುವಾಗ. ಕೈಯಿಂದ ಎತ್ತಿ ಗಾಳಿಗೆ ಎಸೆಯಲೇಬೇಡಿ. ಹೆದರಿ ಹಾರಿದ ಮರಿ ಕೆಳಗಿನದೇನನ್ನೂ ಗುರುತಿಟ್ಟುಕೊಳ್ಳುವುದಿಲ್ಲ.

ಕೆಲವು ವಾರಗಳಲ್ಲಿ ಮರಿಗಳು ಗುಂಪಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಣ್ಮರೆಯಾಗಿ ಮರಳಲು ಶುರುಮಾಡುತ್ತವೆ. ಮೊದಲ ದಿನ ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ, ನೀವು ಕಾಯುತ್ತಿದ್ದುದು ಇದನ್ನೇ. ದೂರದ ತರಬೇತಿಗೆ ಗುಂಪು ಸಿದ್ಧವಾಗಿದೆ ಎಂದರ್ಥ.

ಕೈಯಲ್ಲಿ ಹಿಡಿದು ನೋಡಿ

ಪ್ರತಿ ಮರಿಯನ್ನೂ ವಾರಕ್ಕೊಮ್ಮೆ ಕೈಗೆತ್ತಿಕೊಳ್ಳಿ. ಎದೆಮೂಳೆಯ ಎರಡೂ ಬದಿ ಮಾಂಸ ತುಂಬಿ, ಹಿಡಿದಾಗ ಹಕ್ಕಿ ಗಾಳಿ ತುಂಬಿದ ಚೆಂಡಿನಂತೆ ಹಗುರಾಗಿರಬೇಕು. ರೆಕ್ಕೆ ಬಿಡಿಸಿ ಹತ್ತು ದೊಡ್ಡ ಗರಿಗಳನ್ನು ಎಣಿಸಿ. ಮರಿಗೆ ಆರೇಳು ವಾರವಾದಾಗ ಒಳಗಿನ ಗರಿಯಿಂದ ಉದುರಲು ತೊಡಗಿ, ಒಂದೊಂದಾಗಿ ಹೊರಗಿನವು ಬದಲಾಗುತ್ತವೆ. ಹೊರ ಅಂಚಿನ ಗರಿ ಉದುರಿ ಹೊಸದು ಅರ್ಧ ಬೆಳೆದಿರುವಾಗ, ಅಥವಾ ಮೈಗರಿ ರಾಶಿರಾಶಿ ಉದುರುವಾಗ ಆ ಹಕ್ಕಿಯನ್ನು ಮನೆಯಲ್ಲೇ ಬಿಡಿ.

ಬೆಳಿಗ್ಗೆ ಗೂಡಿನ ನೆಲವನ್ನೂ ಓದಬೇಕು. ಗಟ್ಟಿಯಾದ ಕಂದು ಉಂಡೆ, ಅದರ ತಲೆಯ ಮೇಲೆ ಬಿಳಿ ಟೊಪ್ಪಿ, ಅಲ್ಲಲ್ಲಿ ಅಂಟಿದ ನವಿರಾದ ಮರಿಗರಿ ಕಂಡರೆ ಗೂಡು ಆರೋಗ್ಯವಾಗಿದೆ. ಹಸಿರು ನೀರಿನಂತಿದ್ದರೆ ಅಂದಿನ ತರಬೇತಿ ಬೇಡ. ಗಂಟಲೊಳಗೆ ಹಳದಿ ಗಡ್ಡೆಯಂತಹ ಕ್ಯಾಂಕರ್, ಕರುಳಿನ ಕಾಕ್ಸಿಡಿಯಾ, ಕತ್ತು ತಿರುಚಿಸುವ ಪ್ಯಾರಾಮಿಕ್ಸೊ ಮೂರೂ ಮರಿಗಳ ಶತ್ರುಗಳು. ಕೊನೆಯದು ಕೋಳಿಗಳ ರಾಣಿಖೇತ್ ರೋಗದ ಬಂಧು. ಪಶುವೈದ್ಯರನ್ನು ಕೇಳಿ ತರಬೇತಿಗೆ ಮೊದಲೇ ಲಸಿಕೆ ಹಾಕಿಸಿ. ಗುಂಪಿಗೆಲ್ಲ ಅಂದಾಜಿನಲ್ಲಿ ಆ್ಯಂಟಿಬಯಾಟಿಕ್ ಕುಡಿಸುವ ಚಾಳಿಯನ್ನು ನಾನು ಖಂಡಿತ ಒಪ್ಪುವುದಿಲ್ಲ.

ಬುಟ್ಟಿ, ಆಮೇಲೆ ರಸ್ತೆ

ತರಬೇತಿಗೆ ಮುನ್ನ ಎರಡು ಮೂರು ರಾತ್ರಿ ಮರಿಗಳನ್ನು ಮನೆಯಲ್ಲೇ ಬುಟ್ಟಿಯಲ್ಲಿ ಮಲಗಿಸಿ. ಹೊರಗೆ ತಗುಲಿಸಿದ ತೊಟ್ಟಿಗೆ ಕತ್ತು ಚಾಚಿ ನೀರು ಕುಡಿಯುವುದನ್ನು ಅವು ಕಲಿಯಬೇಕು. ಇದನ್ನು ಕಲಿಯದ ಹಕ್ಕಿ ಪಂದ್ಯದ ಲಾರಿಯಲ್ಲಿ ಬಾಯಾರಿ, ಬಿಡುವ ಹೊತ್ತಿಗಾಗಲೇ ಸೋತಿರುತ್ತದೆ.

ನಂತರ ಟಾಸ್, ಅಂದರೆ ದೂರಕ್ಕೆ ಒಯ್ದು ಬಿಟ್ಟು ಮನೆಗೆ ಹಾರಿಸುವ ತರಬೇತಿ. 5 ಕಿ.ಮೀ. ದೂರದಿಂದ ಮೂರು ಸಲ, 10ರಿಂದ ಮೂರು ಸಲ, 20ರಿಂದ ಮತ್ತೆ ಎರಡು ಸಲ. ಯಲಹಂಕದ ವಾಯುನೆಲೆ, ದೇವನಹಳ್ಳಿಯ ವಿಮಾನ ನಿಲ್ದಾಣಗಳ ಆಸುಪಾಸಿನಲ್ಲಿ ಮಾತ್ರ ಬುಟ್ಟಿ ತೆರೆಯಕೂಡದು; ಹಕ್ಕಿಗೂ ಅಪಾಯ, ವಿಮಾನಕ್ಕೂ ಅಪಾಯ. ಅದನ್ನು ದಾಟಿ ಚಿಕ್ಕಬಳ್ಳಾಪುರ (ಸುಮಾರು 50 ಕಿ.ಮೀ.), ಬಾಗೇಪಲ್ಲಿ (90), ಪೆನುಕೊಂಡ (125) ಹೀಗೆ ಮುಂದುವರಿಯಿರಿ. ಹಿಂದಿನ ಹಂತದಿಂದ ಎಲ್ಲವೂ ಒಟ್ಟಾಗಿ, ನೇರವಾಗಿ ಬಂದ ಮೇಲೆಯೇ ಮುಂದಿನ ಹಂತ. ನಡುವೆ ಒಂದೆರಡು ಸಲ ಐದು ನಿಮಿಷದ ಅಂತರದಲ್ಲಿ ಒಂದೊಂದಾಗಿ ಬಿಡಿ. ಯಾವಾಗಲೂ ಗುಂಪಿನ ಬಾಲ ಹಿಡಿದು ಬರುವ ಮರಿ ಆಗ ತಾನೇ ದಾರಿ ಯೋಚಿಸುತ್ತದೆ.

ಸ್ಥಳ ತಲುಪಿದೊಡನೆ ಮುಚ್ಚಳ ತೆಗೆಯಬೇಡಿ. ಬುಟ್ಟಿಯನ್ನು ಬಯಲಲ್ಲಿಟ್ಟು ಇಪ್ಪತ್ತು ನಿಮಿಷ ಆಕಾಶ ನೋಡಲು ಬಿಡಿ. ಬಿಸಿಲಿನ ದಿಕ್ಕು ಹಕ್ಕಿಗೆ ದಿಕ್ಸೂಚಿ; ಭೂಮಿಯ ಕಾಂತಶಕ್ತಿ, ವಾಸನೆ, ಪರಿಚಿತ ಹೆದ್ದಾರಿಗಳೂ ನೆರವಾಗುತ್ತವೆ. ಡಿಸೆಂಬರ್‌–ಜನವರಿಯಲ್ಲಿ ಈ ಸೀಮೆಯ ಮುಂಜಾವಿನ ಮಂಜು ಮೋಸಗಾರ. ಒಮ್ಮೆ ಕೆಲಸಕ್ಕೆ ಹೊತ್ತಾಯಿತೆಂದು ಮಂಜು ಕರಗುವ ಮೊದಲೇ ಹದಿನಾರು ಮರಿಗಳನ್ನು ಬಿಟ್ಟೆ. ಸಂಜೆಯವರೆಗೆ ಏಳು ಬಂದವು. ಉಳಿದ ಒಂಬತ್ತರ ಉಂಗುರದ ಸಂಖ್ಯೆಗಳು ಈಗಲೂ ನನ್ನ ಪುಸ್ತಕದಲ್ಲಿವೆ, ಹೊಡೆದುಹಾಕಲು ಮನಸ್ಸಾಗಿಲ್ಲ.

ಕಾಳಿನ ಲೆಕ್ಕ

ದಿನಕ್ಕೆ ಒಂದು ಹಕ್ಕಿಗೆ ಸುಮಾರು 30 ಗ್ರಾಂ. ವಾರದ ಆರಂಭದಲ್ಲಿ ಜೋಳ, ಸಜ್ಜೆ, ಸ್ವಲ್ಪ ಹೆಸರು, ಬಟಾಣಿ. ದೂರದ ಹಾರಾಟಕ್ಕೆ ಪಾರಿವಾಳ ಉರಿಸುವುದು ಕೊಬ್ಬನ್ನು. ಆದ್ದರಿಂದ ಪಂದ್ಯಕ್ಕೆ ಮೂರು ದಿನ ಮುಂಚಿನಿಂದ ಮೆಕ್ಕೆಜೋಳ, ಕುಸುಬೆ ಹೆಚ್ಚಿಸಿ, ಕೆಲವು ಹಸಿ ಕಡಲೆಕಾಯಿ ಬೀಜ ಸೇರಿಸಿ. ಬೂಸಲು ಹಿಡಿದ ಕಡಲೆಕಾಯಿ ವಿಷ, ಮೂಸಿ ನೋಡಿಯೇ ಹಾಕಿ. ಮೊಟ್ಟೆಚಿಪ್ಪು, ಇಟ್ಟಿಗೆ ಚೂರು, ಇದ್ದಿಲು ಬೆರೆಸಿದ ಗ್ರಿಟ್ ಸದಾ ಇರಲಿ.

ಒಂದು ನಿಮಿಷದ ಬೆಲೆ

ಪಂದ್ಯದಲ್ಲಿ ಮೊದಲು ಬಂದ ಹಕ್ಕಿಯೇ ಗೆಲ್ಲಬೇಕೆಂದಿಲ್ಲ. ಬಿಟ್ಟ ಜಾಗದಿಂದ ಪ್ರತಿ ಗೂಡಿನ ದೂರ ಬೇರೆಬೇರೆ; ಆ ದೂರವನ್ನು ಹಾರಿದ ನಿಮಿಷಗಳಿಂದ ಭಾಗಿಸಿ ವೇಗ ತೆಗೆಯುತ್ತಾರೆ. 190 ಕಿ.ಮೀ.ಯನ್ನು 160 ನಿಮಿಷದಲ್ಲಿ ಬಂದರೆ ನಿಮಿಷಕ್ಕೆ 1,187.5 ಮೀಟರ್. ನಗರದ ಇನ್ನೊಂದು ತುದಿಯಲ್ಲಿ 196 ಕಿ.ಮೀ.ಯನ್ನು 164 ನಿಮಿಷದಲ್ಲಿ ಮುಗಿಸಿದ ಹಕ್ಕಿಯ ವೇಗ 1,195; ನಾಲ್ಕು ನಿಮಿಷ ಹೆಚ್ಚು ಹಾರಿಯೂ ಅದೇ ಮುಂದೆ. ಮರಳಿದ ಹಕ್ಕಿ ಒಳಗೆ ಬಾರದೆ ಗೂಡಿನ ಮುಂದೆ ಕೂತು ಒಂದು ನಿಮಿಷ ಕಳೆದರೆ ಆ ವೇಗದಲ್ಲಿ ಏಳು ಮೀಟರ್ ಹೋಯಿತು. ಡಬ್ಬಿಯ ಸದ್ದಿಗೆ ಟ್ರ್ಯಾಪ್ (ಹಕ್ಕಿ ಒಳಬರಬಹುದಾದ, ಹೊರಹೋಗಲಾಗದ ಗೂಡಿನ ಬಾಗಿಲು) ದಾಟಿ ಒಳನುಗ್ಗುವ ಅಭ್ಯಾಸ ಇಲ್ಲಿ ಫಲ ಕೊಡುತ್ತದೆ.

ಮೊದಲ ವರ್ಷ ಅನಂತಪುರ, ತೀರಾ ಗಟ್ಟಿ ಹಕ್ಕಿಗಳಿಗೆ ಕರ್ನೂಲು. ಎರಡನೆಯ ವರ್ಷ ಹೈದರಾಬಾದ್, ಮೂರನೆಯದರಲ್ಲಿ ನಾಗಪುರ. ನಾನು ನಡೆಸಿಕೊಂಡು ಬಂದಿರುವ ಕ್ರಮ ಇದು.

ಮರಳಿದ ಹಕ್ಕಿಗೆ ಮೊದಲು ಚಿಟಿಕೆ ಬೆಲ್ಲ ಕರಗಿಸಿದ ನೀರು, ಆಮೇಲೆ ಹಗುರ ಕಾಳು, ಮರುದಿನ ಸ್ನಾನದ ತಟ್ಟೆ. ಕತ್ತಲಾದರೂ ಬಾರದ ಮರಿ ಎಲ್ಲೋ ಕಟ್ಟಡದ ಮೇಲೆ ಇರುಳು ಕಳೆಯುತ್ತಿರಬಹುದು. ಬೆಳಕು ಹರಿಯುವ ಮೊದಲೇ ಎದ್ದು ಟ್ರ್ಯಾಪ್ ತೆರೆದಿಡಿ, ತೊಟ್ಟಿಗೆ ನೀರು ತುಂಬಿಡಿ. ಮೂರನೆಯ ದಿನ, ಗಿಡುಗನ ಉಗುರಿಗೆ ಬಾಲದ ಗರಿ ಕಳೆದುಕೊಂಡು ಬಂದ ಒಂದು ಹೆಣ್ಣು ಮರಿ ನನ್ನ ಗೂಡಿನಲ್ಲಿದೆ. ಎರಡು ವರ್ಷಗಳ ನಂತರ ಹೈದರಾಬಾದಿನಿಂದ ಅದೇ ದಿನ ಮನೆ ಸೇರಿದ್ದು ಅದೊಂದೇ.