ಕಡ್ಡಿ, ದಾರ, ಕ್ಲಿಪ್: ವಾಕ್ಯರಚನೆ ಪಾಠ ಕೊನೆಗೂ ಕೈಗೆ ಹತ್ತಿದ್ದು

ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ನಾನು ಕೊನೆಯ ವರ್ಷದ ಬಿ.ಎ. ಮಕ್ಕಳಿಗೆ ಭಾಷಾವಿಜ್ಞಾನ ಹೇಳಿಕೊಡುತ್ತೇನೆ. ಅತಿಥಿ ಉಪನ್ಯಾಸಕಿ. ಸಂಬಳ ತಿಂಗಳು ತಿಂಗಳು ಬರುವುದಿಲ್ಲ, ಬಂದಾಗ ಬರುತ್ತದೆ. ಆದ್ದರಿಂದ ಕೆಳಗೆ ದುಡ್ಡಿನ ಮಾತು ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡಿ. ವಾಕ್ಯದಲ್ಲಿ ಪದಗಳು ಹೇಗೆ ಕೂಡುತ್ತವೆ ಅನ್ನುವ ವಾಕ್ಯರಚನೆಯ ಪಾಠ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತಲೇ ಬರೆಯುತ್ತಿದ್ದೇನೆ.

ಧ್ವನಿ, ಪದ, ಪ್ರತ್ಯಯ ಅನ್ನುವವರೆಗೆ ಮಕ್ಕಳು ಜೊತೆಗೇ ಬರುತ್ತಾರೆ. ವಾಕ್ಯಕ್ಕೆ ಬಂದ ಕೂಡಲೇ ತರಗತಿ ಮಲಗುತ್ತದೆ. ಇದು ನಿಮಗೂ ಗೊತ್ತಿರುವ ಸಂಗತಿ, ಅಲ್ವಾ? ಹಳೆಯ ವ್ಯಾಕರಣ ಇಲ್ಲಿ ಕೈ ಹಿಡಿಯುವುದಿಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಅಂತ ಎಂಟು ಪ್ರಕರಣಗಳಿವೆ. ವಾಕ್ಯಕ್ಕೇ ಅಂತ ಒಂದು ಪ್ರಕರಣ ಇಲ್ಲ. ಹೊಸ ವ್ಯಾಕರಣಕ್ಕೆ ಬಂದರೆ ಅಮೆರಿಕದ ಭಾಷಾವಿಜ್ಞಾನಿ ಚಾಮ್‌ಸ್ಕಿಯ 1957ರ ಪುಸ್ತಕದಿಂದ ಶುರು, ಉದಾಹರಣೆ ಪೂರ್ತಿ ಇಂಗ್ಲಿಷಿನದು. ವಾಕ್ಯದ ಪದಗಳು ಒಂದರೊಡನೊಂದು ಸೇರುವುದನ್ನು ಕೊಂಬೆಗಳ ಹಾಗೆ ತೋರಿಸುವ ಚಿತ್ರಕ್ಕೆ ವೃಕ್ಷಚಿತ್ರ ಅನ್ನುತ್ತಾರೆ. ಮಕ್ಕಳು ಗೈಡು ನೋಡಿ ಬಿಡಿಸಿದ ಕನ್ನಡ ವೃಕ್ಷಚಿತ್ರಗಳಲ್ಲಿ ಕ್ರಿಯಾಪದ ಮಧ್ಯದಲ್ಲಿ ಕೂತಿರುತ್ತಿತ್ತು. 'ಅಜ್ಜಿ ಕೊಟ್ಟಳು ದುಡ್ಡು.' ಹೀಗೂ ಮಾತಾಡುತ್ತೇವೆ ನಿಜ, ಆದರೆ ಕನ್ನಡದ ಸಾಮಾನ್ಯ ಕ್ರಮದಲ್ಲಿ ಕ್ರಿಯಾಪದ ಕೊನೆಗೆ. ಮೂರು ವರ್ಷ ಇದನ್ನೇ ತಿದ್ದಿದೆ.

ಮೊದಲ ಪ್ರಯತ್ನ ಜೆರಾಕ್ಸ್. ನಾನೇ ಕನ್ನಡ ವಾಕ್ಯಗಳ ಚಿತ್ರ ಬರೆದು ನಲವತ್ತು ಪ್ರತಿ ತೆಗೆಸಿದೆ. ಎಂಟುನೂರೋ ಒಂಬೈನೂರೋ ಆಯಿತು. ಮಕ್ಕಳು ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಬೇರೆ ವಾಕ್ಯ ಬಂದಾಗಲೂ ನನ್ನ ಚಿತ್ರವನ್ನೇ ಇಳಿಸಿ ಬಂದರು.

ಎರಡನೆಯದು ತಗಡಿನ ಹಲಗೆ ಮತ್ತು ಮ್ಯಾಗ್ನೆಟ್. ಅದಕ್ಕೆ ಮೂರು ಸಾವಿರದ ಮೇಲೆ ಹೋಯಿತು, ನನ್ನ ಕೈಯಿಂದಲೇ. ಪದಗಳನ್ನು ರಟ್ಟಿನ ಮೇಲೆ ಬರೆದು ಅಂಟಿಸಿ, ಗೆರೆ ಎಳೆದು ಗುಂಪು ಮಾಡುವ ಲೆಕ್ಕಾಚಾರ. ಮ್ಯಾಗ್ನೆಟ್ಟು ಅಗ್ಗದ್ದು, ದಪ್ಪ ರಟ್ಟು ಹಿಡಿಯಲಿಲ್ಲ, ಜಾರಿತು. ಜುಲೈ ಹೊತ್ತಿಗೆ ನಮ್ಮ ಮಲೆನಾಡಿನ ಮಳೆಗೆ ತಗಡು ತುಕ್ಕು ಹಿಡಿಯಿತು, ರಟ್ಟಿಗೆ ಬೂಸ್ಟು ಬಂತು. ಗುಜರಿಗೆ ಹಾಕಿದಾಗ ನೂರಿಪ್ಪತ್ತು ರೂಪಾಯಿ ಸಿಕ್ಕಿತು. ಆದರೆ ದುಡ್ಡಿಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಹಲಗೆಯ ಮೇಲೆ ಪದಗಳು ಸಾಲಾಗಿಯೇ ಕಾಣುತ್ತವೆ. ವಾಕ್ಯ ಅಂದರೆ ಬರೀ ಒಂದು ಸಾಲು ಅಲ್ಲ, ಗೊಂಚಲೊಳಗೆ ಗೊಂಚಲು ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ.

ಗೊಂಚಲು ಅನ್ನುವ ಮಾತು ಹೊಳೆದದ್ದು ನಮ್ಮ ಮನೆಯ ಹಿತ್ತಲಿನ ಕಾಫಿ ಗಿಡ ನೋಡಿ. ಒಟ್ಟಿಗೆ ನಿಲ್ಲುವ ಪದಗಳ ಗುಂಪಿಗೆ ಪುಸ್ತಕದಲ್ಲಿ ಪದಪುಂಜ ಅನ್ನುತ್ತಾರೆ. ಪದಪುಂಜ ಅಂದರೆ ತಲೆ ಅಲ್ಲಾಡಿಸುವ ಮಕ್ಕಳು ಗೊಂಚಲು ಅಂದರೆ ಕೈ ಚಾಚುತ್ತಾರೆ. ಇವತ್ತಿಗೂ ತರಗತಿಯಲ್ಲಿ ನಾನು ಆ ಮಾತನ್ನೇ ಬಳಸುತ್ತೇನೆ. ಉತ್ತರ ಪತ್ರಿಕೆಯಲ್ಲಿ ಮಾತ್ರ ಪದಪುಂಜ ಅಂತ ಬರೆಯಲು ಹೇಳುತ್ತೇನೆ.

ಗೊಂಚಲು ಅಂದಮೇಲೆ ತೂಗುಬಿಡಬೇಕು ಅಂತ ಅನ್ನಿಸಿತು. ಬುಟ್ಟಿ ಹೆಣೆಯುವವರ ಹತ್ತಿರ ಹೋಗಿ ಸೀಳಿದ ಬಿದಿರು ಕಡ್ಡಿ ತಂದೆ. ಗೇಣುದ್ದದ್ದು, ಮೊಳದುದ್ದದ್ದು ಸೇರಿ ಸುಮಾರು ಮೂವತ್ತು. ನೂರೈವತ್ತು ಕೇಳಿದರು, ಕೊಟ್ಟೆ. ಬಟ್ಟೆ ಕ್ಲಿಪ್ಪು ಐದಾರು ಡಜನ್, ಹುರಿ ಒಂದು ಉಂಡೆ, ಲ್ಯಾಮಿನೇಷನ್ ಮಾಡಿಸಿದ ಪದದ ಕಾರ್ಡುಗಳು. ಎಲ್ಲಾ ಸೇರಿ ಏಳುನೂರು ಚಿಲ್ಲರೆ. ಒಂದು ಕಡ್ಡಿಗೆ ಎರಡೇ ತುದಿ, ಒಂದೊಂದು ತುದಿಗೆ ಒಂದು ಪದ ಅಥವಾ ಇನ್ನೊಂದು ಕಡ್ಡಿ. 'ದುಡ್ಡು', 'ಕೊಟ್ಟಳು' ಒಂದು ಕಡ್ಡಿಗೆ. ಆ ಕಡ್ಡಿ ಮತ್ತು 'ಮೊಮ್ಮಗನಿಗೆ' ಇನ್ನೊಂದು ಕಡ್ಡಿಗೆ. ಅದು ಮತ್ತು 'ಅಜ್ಜಿ' ಮೇಲಿನ ಕಡ್ಡಿಗೆ. ಮೇಲಿನ ಕಡ್ಡಿ ಫ್ಯಾನಿನ ಪಕ್ಕದ ಕೊಕ್ಕೆಗೆ. ವೃಕ್ಷಚಿತ್ರವೇ ಇದು, ಗಾಳಿಯಲ್ಲಿ ನಿಂತಿದೆ ಅಷ್ಟೆ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು ನೋಡಿದರು. "ಏನಮ್ಮಾ ಇದು, ಅಂಗನವಾಡಿ ಮಾಡಿಬಿಟ್ಟಿದೀಯಲ್ಲ. ಪರೀಕ್ಷೆ ಹಾಲಿಗೆ ಕಡ್ಡಿ ಒಳಗೆ ಬಿಡ್ತಾರಾ?" ಅಂದರು. ಸ್ಟಾಫ್ ರೂಮಿನಲ್ಲೂ ಅದೇ ಮಾತು. ಇಬ್ಬರು ಮಾತ್ರ ಸುಮ್ನೆ ಇದ್ದರು. ನನಗೆ ತುಂಬಾ ನೋವಾಯಿತು, ಆದರೂ ಕಡ್ಡಿ ಇಳಿಸಲಿಲ್ಲ.

ಮೊದಲ ವಾರ ಕೆಟ್ಟದಾಗಿಯೇ ಹೋಯಿತು. ಒಂದು ಕಡೆ ಭಾರ ಜಾಸ್ತಿಯಾಗಿ ಕಡ್ಡಿ ವಾಲುತ್ತಿತ್ತು, ಪದಗಳು ಒಂದರ ಮೇಲೊಂದು ಬೀಳುತ್ತಿದ್ದವು. ಗಂಟನ್ನು ಭಾರದ ಕಡೆಗೆ ಸರಿಸಬೇಕು ಅಂತ ತಿಳಿಯಲು ನಾಲ್ಕು ದಿನ ಹಿಡಿಯಿತು. ಪ್ರತಿ ಸಲ ಗಂಟು ಬಿಚ್ಚದೆ ಸಮತೂಕ ಮಾಡುವ ಒಂದು ಉಪಾಯ ಆಮೇಲೆ ಸಿಕ್ಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತರಗತಿಗೆ ಬಂದವರಿಗೆ ತೋರಿಸುತ್ತೇನೆ.

ಪಾಠ ತಿರುಗಿದ್ದು ಫ್ಯಾನ್ ಹಾಕಿದ ದಿನ. ಏಪ್ರಿಲ್ ಸೆಕೆ, ಯಾರೋ ಸ್ವಿಚ್ ಒತ್ತಿದರು. ಕಡ್ಡಿಗಳೆಲ್ಲಾ ತಿರುಗತೊಡಗಿದವು. ಹಿಂದಿನ ಬೆಂಚಿನ ಹುಡುಗನೊಬ್ಬ ಕಂಡದ್ದನ್ನು ಜೋರಾಗಿ ಓದಿದ: "ಮೊಮ್ಮಗನಿಗೆ ದುಡ್ಡು ಕೊಟ್ಟಳು ಅಜ್ಜಿ." ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು: "ಅಜ್ಜಿ ದುಡ್ಡು ಕೊಟ್ಟಳು ಮೊಮ್ಮಗನಿಗೆ." ಎಲ್ಲವೂ ಕನ್ನಡವೇ! ಮನೆಯಲ್ಲಿ ನಾವೆಲ್ಲ ಆಡುವ ಮಾತೇ. ಪದದ ಕ್ರಮ ಬದಲಾಯಿತು, ಗೊಂಚಲು ಒಡೆಯಲಿಲ್ಲ. ಈ ಎರಡು ಬೇರೆ ಬೇರೆ ಸಂಗತಿ ಅಂತ ನಾನು ಮೂರು ವರ್ಷ ಬಾಯಲ್ಲಿ ಹೇಳಿದ್ದೆ. ಫ್ಯಾನು ಎರಡು ನಿಮಿಷದಲ್ಲಿ ತೋರಿಸಿತು. ಆವತ್ತು ರಾತ್ರಿಯೇ ಕೂತು ಎಲ್ಲಾ ಕಾರ್ಡುಗಳ ಹಿಂಭಾಗದಲ್ಲೂ ಪದ ಬರೆದೆ.

ಆದರೆ 'ಹಳೆಯ ಪೆಟ್ಟಿಗೆ' ತಿರುಗಿ 'ಪೆಟ್ಟಿಗೆ ಹಳೆಯ' ಆಗಬಾರದು. ನಾಮಪದದ ಗೊಂಚಲು ಒಳಗೆ ಬಿಗಿ. ಅದಕ್ಕೆ ಅಂಥ ಪದಗಳನ್ನು ಕಡ್ಡಿಯಿಂದ ತೆಗೆದು ಒಂದೇ ರಟ್ಟಿನ ಪಟ್ಟಿಗೆ ಸೇರಿಸಿದೆ. ಹಿಂದೆಯೂ ಅದೇ ಕ್ರಮದಲ್ಲಿ ಬರೆದೆ. ಪಟ್ಟಿ ತಿರುಗಿದರೂ ಹಳೆಯ ಪೆಟ್ಟಿಗೆಯೇ.

ಇನ್ನೊಂದು ಕಡೆ ಸಿಕ್ಕಿಬಿದ್ದೆ. 'ದುಡ್ಡು ಅಜ್ಜಿ ಮೊಮ್ಮಗನಿಗೆ ಕೊಟ್ಟಳು' ಅನ್ನುವುದೂ ಸರಿಯಾದ ಮಾತು. ಕಡ್ಡಿ ಎಷ್ಟು ತಿರುಗಿಸಿದರೂ ಅದು ಬರುವುದಿಲ್ಲ. ದುಡ್ಡು ತನ್ನ ಗೊಂಚಲು ಬಿಟ್ಟು ಎಲ್ಲಕ್ಕಿಂತ ಮುಂದೆ ಹೋಗಿದೆ. ಎರಡು ದಿನ ಯೋಚಿಸಿ, ಆ ಕಾರ್ಡನ್ನು ಕಿತ್ತು ಮೇಲೆ ಹೊಸ ಕಡ್ಡಿಗೆ ಸಿಕ್ಕಿಸಿದೆ. ಕೆಳಗೆ ಕ್ಲಿಪ್ಪು ಖಾಲಿ ಉಳಿಯಿತು. "ಮೇಡಂ, ಆ ಖಾಲಿ ಕ್ಲಿಪ್ ತೆಗೀಲಾ?" ಅಂತ ಕೇಳಿದರು. ಬೇಡ, ಅದು ಅಲ್ಲೇ ಇರಲಿ ಅಂದೆ. ದುಡ್ಡು ಹೊರಟ ಜಾಗದ ಗುರುತು ಅದು. ಪುಸ್ತಕದಲ್ಲಿ ಪದಪುಂಜದ ಚಲನೆ, ಅದು ಬಿಟ್ಟುಹೋದ ಕುರುಹು ಅಂತ ಏನೇನು ಬರುತ್ತದೋ ಅದೆಲ್ಲಾ ಆ ಒಂದು ಖಾಲಿ ಕ್ಲಿಪ್ಪಿನಲ್ಲಿ ಮುಗಿಯಿತು.

ಗೊಂಚಲು ಹೌದೋ ಅಲ್ಲವೋ ಅಂತ ಗುರುತಿಸಲು ಪುಸ್ತಕದ ಪರೀಕ್ಷೆಗಳು ನಿಮಗೆ ಗೊತ್ತೇ ಇವೆ. 'ಅಜ್ಜಿಯ ಹಳೆಯ ಪೆಟ್ಟಿಗೆಯನ್ನು' ಅನ್ನುವ ಕಡೆ 'ಅದನ್ನು' ಇಡಿ, 'ಏನನ್ನು' ಅಂತ ಕೇಳಿ, ವಾಕ್ಯ ಕೆಡದಿದ್ದರೆ ಅದು ಗೊಂಚಲು. ಆದರೆ ನಮ್ಮ ಮಕ್ಕಳಿಗೆ ಇದಕ್ಕಿಂತ ಬೇಗ ಹತ್ತಿದ್ದು ಏ-ಕಾರ. 'ಅಜ್ಜಿಯ ಹಳೆಯ ಪೆಟ್ಟಿಗೆಯನ್ನೇ ಕಳ್ಳ ಒಯ್ದ' ಅನ್ನುತ್ತೇವೆ. 'ಹಳೆಯೇ ಪೆಟ್ಟಿಗೆಯನ್ನು' ಅಂತ ಯಾರೂ ಅನ್ನುವುದಿಲ್ಲ. ಏ, ಊ, ಪ್ರಶ್ನೆಯ ಆ, ಮೂರೂ ಗೊಂಚಲಿನ ತುದಿಗೆ ಕೂರುತ್ತವೆ. ಮಧ್ಯದಲ್ಲಿ ತೂರಿಸಲು ಹೋದರೆ ಕಿವಿಗೆ ಕೆಡುತ್ತದೆ. ಇದನ್ನು ನನ್ನ ತಾಯಿಯ ಮೇಲೂ ನೋಡಿದೆ. ಅಮ್ಮನಿಗೆ ಓದು ಬರಹ ಬರುವುದಿಲ್ಲ. ಹತ್ತು ಹನ್ನೆರಡು ವಾಕ್ಯ ಹೇಳಿ, ಏ ಎಲ್ಲಿ ಸೇರಿಸಬಹುದು ಎಲ್ಲಿ ಆಗಲ್ಲ ಅಂತ ಕೇಳಿದೆ. ಒಂದೂ ತಪ್ಪಲಿಲ್ಲ. ವಾಕ್ಯರಚನೆ ನಮ್ಮೊಳಗೆ ಇದ್ದೇ ಇದೆ ಅನ್ನುವುದಕ್ಕೆ ತರಗತಿಯಲ್ಲಿ ನಾನು ಈಗ ಕೊಡುವುದು ಅಮ್ಮನ ಉದಾಹರಣೆಯನ್ನೇ.

ಕೆಂಪು ಬಣ್ಣದ ವಿಷಯ ಹೇಳಲೇಬೇಕು. ಪ್ರತಿ ಗೊಂಚಲಿನಲ್ಲಿ ಯಾವ ತುದಿ ಯಜಮಾನ, ಅಂದರೆ ಮುಖ್ಯ ಪದ, ಅದಕ್ಕೆ ಕೆಂಪು ಹಚ್ಚಿ ಅಂದೆ. 'ಹಳೆಯ ಪೆಟ್ಟಿಗೆ' ಅನ್ನುವುದರಲ್ಲಿ 'ಪೆಟ್ಟಿಗೆ'. 'ಮನೆಯ ಹಿಂದೆ' ಅನ್ನುವುದರಲ್ಲಿ 'ಹಿಂದೆ'. 'ಮಳೆಗೆ ಬಿದ್ದ ಮರ' ಅನ್ನುವುದರಲ್ಲಿ 'ಮರ'. 'ಕಾಫಿ ಕುಡಿ' ಅನ್ನುವುದರಲ್ಲಿ 'ಕುಡಿ'. 'ಮಳೆ ಬರುತ್ತದೆ ಅಂತ' ಅನ್ನುವುದರಲ್ಲಿ 'ಅಂತ'. ಅರ್ಧ ಗಂಟೆಯಾದ ಮೇಲೆ ಮೂಡಿಗೆರೆ ಕಡೆಯ ಒಬ್ಬ ಹುಡುಗಿ ಎದ್ದು, "ಮೇಡಂ, ಕೆಂಪೆಲ್ಲಾ ಬಲಗಡೆಗೇ ಇದೆ" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ, ಅವಳೇ ಕಂಡುಕೊಂಡಳು. ಆಮೇಲೆ ಇಂಗ್ಲಿಷ್ ಕಟ್ಟಿಸಿದೆ. 'ಡ್ರಿಂಕ್ ಕಾಫಿ', 'ಬಿಹೈಂಡ್ ದಿ ಹೌಸ್'. ಕೆಂಪು ಎಡಕ್ಕೆ ಹೋಯಿತು. 'ಓಲ್ಡ್ ಬಾಕ್ಸ್' ಮಾತ್ರ ನಮ್ಮ ಹಾಗೆಯೇ ಬಲಕ್ಕೆ ಉಳಿಯಿತು. ಅದನ್ನೂ ಮುಚ್ಚಿಡದೆ ತೋರಿಸಿದೆ. 1963ರಲ್ಲಿ ಭಾಷಾವಿಜ್ಞಾನಿ ಗ್ರೀನ್‌ಬರ್ಗ್ ಹಲವು ಭಾಷೆಗಳನ್ನು ಹೋಲಿಸಿ ಹೇಳಿದ್ದೂ ಇದನ್ನೇ: ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ 'ಹಿಂದೆ', 'ಮೇಲೆ' ಅನ್ನುವಂಥವೂ ಸಾಮಾನ್ಯವಾಗಿ ನಾಮಪದದ ಆಚೆಗೇ ಬರುತ್ತವೆ. ಕಡ್ಡಿ ಕಟ್ಟಿದ ಮೇಲೆ ಈ ಮಾತು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಮೊದಲೇ ಹೇಳಿದರೆ ಆಕಳಿಸುತ್ತಾರೆ.

ಇಡೀ ವರ್ಷದಲ್ಲಿ ಜಗಳ ಜೋರಾದದ್ದು ನಮ್ಮ ಊರಿನ ಹೆಸರಿನ ಮೇಲೆ. ಸಖರಾಯಪಟ್ಟಣದ ದೊರೆ ರುಕ್ಮಾಂಗದ ತನ್ನ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟ ಊರು ಅಂತ ಐತಿಹ್ಯ. ಹಾಗಾದರೆ 'ಚಿಕ್ಕ ಮಗಳ' ಒಂದು ಗೊಂಚಲು, ಆಚೆಗೆ 'ಊರು'. ಪಕ್ಕದಲ್ಲೇ ಹಿರೇಮಗಳೂರು ಇದೆ, ಹಿರಿ ಮಗಳದ್ದು. ಎಲ್ಲರೂ ಹಾಗೇ ಕಟ್ಟಿದರು. ಆಗ ಒಬ್ಬ, ಕಡೂರು ಕಡೆಯವನು, "ಮೇಡಂ, ಹಿರೇ ಅಂತ ಒಂದು, ಚಿಕ್ಕ ಅಂತ ಒಂದು ಊರು ಎಲ್ಲಾ ಕಡೆ ಜೋಡಿಯಾಗಿ ಇರುತ್ತವಲ್ಲ. 'ಮಗಳೂರು' ಅನ್ನುವುದೇ ಗೊಂಚಲಾಗಿ, ಅದರಲ್ಲಿ ಚಿಕ್ಕದೊಂದು ದೊಡ್ಡದೊಂದು ಯಾಕಿರಬಾರದು?" ಅಂದ. ಪೂರ್ತಿ ಒಂದು ಪೀರಿಯಡ್ ಹೋಯಿತು. ಎರಡು ಕಡ್ಡಿ ಅಕ್ಕಪಕ್ಕ ತೂಗುಹಾಕಿದೆವು. ಪದಗಳು ಅವೇ, ಕ್ರಮ ಅದೇ, ಕಟ್ಟು ಬೇರೆ, ಅರ್ಥ ಬೇರೆ. 'ಹಳೆಯ ಮನೆಯ ಬಾಗಿಲು' (ಹಳೆಯದು ಮನೆಯೋ ಬಾಗಿಲೋ?) ಅನ್ನುವ ಉದಾಹರಣೆಯಿಂದ ಇಷ್ಟು ವರ್ಷ ಆಗದ ಕೆಲಸ ಊರ ಹೆಸರಿನಿಂದ ಆಯಿತು. ನಿಮ್ಮ ಊರಿನ ಹೆಸರನ್ನು ಹೀಗೆ ಒಡೆದು ನೋಡಿ.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಕ್ರಿಯಾಪದದ ಕೊನೆ ಕರ್ತೃವಿನ ಜೊತೆ ಬದಲಾಗುವುದನ್ನು ತೋರಿಸಲು ಕರ್ತೃವಿನಿಂದ ಕ್ರಿಯಾಪದಕ್ಕೆ ನೀಲಿ ದಾರ ಕಟ್ಟಿಸಿದೆ. ನಾನು ಬಂದೆ, ಅವಳು ಬಂದಳು, ಅವರು ಬಂದರು. ದಾರ ಸಲೀಸಾಗಿ ಕೂತಿತು. 'ಬರಲಿಲ್ಲ' ಅಂದಾಗ ದಾರ ಕಟ್ಟಲು ಜಾಗವೇ ಇಲ್ಲ. ನಾನು, ಅವಳು, ಅವರು, ಎಲ್ಲರಿಗೂ ಒಂದೇ ಬರಲಿಲ್ಲ. 'ನನಗೆ ಹಸಿವಾಗಿದೆ' ಅಂದಾಗ ದಾರ ನನ್ನನ್ನು ಬಿಟ್ಟು ಹಸಿವಿಗೆ ಹೋಯಿತು. ಇವೆರಡನ್ನೂ ಇನ್ನೂ ಪೂರ್ತಿ ಪಾಠವಾಗಿಸಿಲ್ಲ.

ಕ್ರಿಯಾಪದವೇ ಇಲ್ಲದ ವಾಕ್ಯ ನೋಡಲು ಹಳೆಯ ಕನ್ನಡ ಶಾಸನ ಸಿಕ್ಕ ಹಲ್ಮಿಡಿಗೆ ಹೋದೆವು. ಬೇಲೂರು ತಾಲ್ಲೂಕು, ಇಲ್ಲಿಂದ ದೂರವೇನಲ್ಲ. ಒಂದು ಭಾನುವಾರ ಏಳೆಂಟು ಮಕ್ಕಳು, ವ್ಯಾನ್ ಬಾಡಿಗೆ ಸಾವಿರದ ಇನ್ನೂರೋ ಏನೋ, ಅರ್ಧ ನನ್ನದು. ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸಿದ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಕಾಲ ಸುಮಾರು ಕ್ರಿ.ಶ. 450. ಶಾಸನದ ಕೊನೆಯ ಹತ್ತಿರ 'ಕಳ್ದೋನ್ ಮಹಾಪಾತಕನ್' ಅಂತ ಬರುತ್ತದೆ. ಕದ್ದವನು ಮಹಾಪಾಪಿ. ಎರಡೇ ಪದ, ಕ್ರಿಯಾಪದ ಇಲ್ಲ. 'ಇವಳು ನನ್ನ ತಂಗಿ' ಅಂತ ನಾವು ಇವತ್ತು ಹೇಳುವುದೂ ಅದೇ ಕಟ್ಟಿನಲ್ಲಿ. ಮಕ್ಕಳು ಕಲ್ಲಿನ ಮುಂದೆಯೇ ಕಡ್ಡಿಗೆ ಎರಡು ಕಾರ್ಡು ಸಿಕ್ಕಿಸಿ ಹಿಡಿದುಕೊಂಡು ನಿಂತರು. ನನ್ನ ಕಣ್ಣು ತುಂಬಿ ಬಂತು.

ಫಲಿತಾಂಶ ಹೇಳುತ್ತೇನೆ. ಮುಂಚೆ ಮೂವತ್ತೈದು ಜನರಲ್ಲಿ ಐದಾರು ಮಂದಿ ಹೊಸ ವಾಕ್ಯಕ್ಕೆ ವೃಕ್ಷಚಿತ್ರ ಸರಿಯಾಗಿ ಬಿಡಿಸುತ್ತಿದ್ದರು. ಈ ಸಲ ಇಪ್ಪತ್ತಾರೋ ಇಪ್ಪತ್ತೇಳೋ. ಕಡ್ಡಿ ಪರೀಕ್ಷೆ ಹಾಲಿಗೆ ಹೋಗಲಿಲ್ಲ, ಪೆನ್ಸಿಲ್ಲಿನಲ್ಲಿ ಬಂತು. ನನ್ನ ಹನ್ನೆರಡು ವರ್ಷದ ಪಾಠದಲ್ಲಿ ಇಷ್ಟು ಚೆನ್ನಾಗಿ ಯಾವುದೂ ಆಗಿರಲಿಲ್ಲ. ವಾಕ್ಯಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದರಲ್ಲೇ ಅರ್ಧ ಗುಟ್ಟು ಇದೆ, ಆ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಾಡಿ ನೋಡುವವರು ಬಿದಿರನ್ನು ಮಳೆಗಾಲಕ್ಕೆ ಮುಂಚೆಯೇ ತಂದು ಒಣಗಿಸಿಕೊಳ್ಳಿ. ಹಸಿ ಕಡ್ಡಿ ಬಾಗುತ್ತದೆ. ಪ್ಲಾಸ್ಟಿಕ್ ಕ್ಲಿಪ್ಪು ಬೇಡ, ಸ್ಪ್ರಿಂಗು ಬೇಗ ಹೋಗುತ್ತದೆ. ಮರದ್ದು ತಗೊಳ್ಳಿ, ಡಜನ್ನಿಗೆ ಹತ್ತು ಹದಿನೈದು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ.